ನೀಲಿ ಸೀರಮ್‌ನ ಒಳಗೇನಿದೆ?

ಕೇಳುಗರಿಗೆ ನಮಸ್ಕಾರ.

ಮುಖಕ್ಕೆ ಹಚ್ಚುವ ಸೀರಮ್‌ಗಳು ಸಾಮಾನ್ಯವಾಗಿ ಬಣ್ಣವಿಲ್ಲದವು, ಇಲ್ಲಾಂದ್ರೆ ತಿಳಿ ಹಳದಿ. ಈಚೆಗೆ ಅವುಗಳ ಸಾಲಿಗೆ ಒಂದು ನೀಲಿ ಸೀರಮ್ ಬಂದು ಸೇರಿದೆ. ಹೆಸರು ಕಾಪರ್ ಪೆಪ್ಟೈಡ್. ಮಗಳು ಆನ್‌ಲೈನ್‌ನಲ್ಲಿ ತರಿಸುತ್ತಾಳೆ, ಬೆಲೆ ನೋಡಿ ಅಮ್ಮ ಹುಬ್ಬೇರಿಸುತ್ತಾರೆ. ಅಮ್ಮ ಕೇಳುವ ಮೊದಲ ಪ್ರಶ್ನೆ, "ಇದೇನೇ ಇದು, ಇಂಕು ಇದ್ದ ಹಾಗಿದೆ?"

ಆ ನೀಲಿ ಬಣ್ಣ ತಾಮ್ರದ್ದು. ಅಡಿಕೆ ತೋಟ ಇರುವವರಿಗೆ ಇದು ಹೊಸದಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವರು ಮೈಲುತುತ್ತ ಕರಗಿಸುವಾಗ ಡ್ರಮ್ಮಿನಲ್ಲಿ ನೋಡುವ ಬಣ್ಣ ಅದು. ಆದರೆ ಮೈಲುತುತ್ತ ಬರಿಯ ತಾಮ್ರದ ಲವಣ, ಮೈಗೆ ತಾಗಿದರೆ ಉರಿ. ಸೀರಮ್‌ನಲ್ಲಿರುವ ತಾಮ್ರವನ್ನು ಒಂದು ಪುಟ್ಟ ಪೆಪ್ಟೈಡ್, ಅಂದರೆ ಪ್ರೋಟೀನಿನ ಚೂರಿನಂಥದ್ದು, ಹಿಡಿದಿಟ್ಟುಕೊಂಡಿರುತ್ತದೆ. ಗ್ಲೈಸಿನ್, ಹಿಸ್ಟಿಡಿನ್, ಲೈಸಿನ್ ಅಂತ ಮೂರೇ ಮೂರು ಅಮೈನೊ ಆಮ್ಲಗಳು ಸೇರಿ ಆದ ಪೆಪ್ಟೈಡ್ ಇದು. ಚಿಕ್ಕದಾಗಿ ಜಿಎಚ್‌ಕೆ ಅನ್ನುತ್ತಾರೆ.

ಇದನ್ನು ಯಾರೂ ಸೌಂದರ್ಯಕ್ಕೆ ಅಂತ ಹುಡುಕಿಕೊಂಡು ಹೋಗಿರಲಿಲ್ಲ. ಅಮೆರಿಕದ ವಿಜ್ಞಾನಿ ಲೋರೆನ್ ಪಿಕರ್ಟ್ ಕೆಲಸ ಮಾಡುತ್ತಿದ್ದದ್ದು ಯಕೃತ್ತಿನ ಮೇಲೆ. ವಯಸ್ಸಾದವರ ಯಕೃತ್ತಿನ ಜೀವಕೋಶಗಳನ್ನು ಹರೆಯದವರ ರಕ್ತದ ದ್ರವದಲ್ಲಿ ಇಟ್ಟರೆ, ಅವು ಎಳೆಯ ಜೀವಕೋಶಗಳ ಹಾಗೆ ಪ್ರೋಟೀನ್ ತಯಾರಿಸತೊಡಗಿದವು. ಆ ದ್ರವದಲ್ಲಿ ಅಂಥದ್ದೇನಿದೆ ಅಂತ ಸೋಸಿ ಸೋಸಿ ನೋಡಿದಾಗ ಸಿಕ್ಕಿದ್ದು ಈ ಪೆಪ್ಟೈಡ್. ಅದು 1973ರ ಮಾತು. ನಮ್ಮ ರಕ್ತದಲ್ಲೇ ಇದು ಇದೆ. ಇಪ್ಪತ್ತರ ಹರೆಯದಲ್ಲಿ ಒಂದು ಮಿಲಿಲೀಟರಿಗೆ ಸುಮಾರು 200 ನ್ಯಾನೊಗ್ರಾಂ, ಅರವತ್ತರ ಹೊತ್ತಿಗೆ ಸುಮಾರು 80 ಅಂತ ಪಿಕರ್ಟ್ ಲೆಕ್ಕ ಕೊಟ್ಟರು. ಜಾಹೀರಾತಿನವರಿಗೆ ಇಷ್ಟು ಸಾಕಾಯಿತು. "ವಯಸ್ಸಾಗುತ್ತಾ ಕಡಿಮೆ ಆಗುತ್ತೆ, ನಾವು ತುಂಬಿಕೊಡ್ತೀವಿ!"

ಅಷ್ಟು ಸುಲಭ ಅಲ್ಲ.

ಚರ್ಮ ಬಿಗಿಯಾಗಿರಲು ಕೊಲಾಜನ್ ಅನ್ನೋ ಪ್ರೋಟೀನ್ ಬೇಕು. ಕೊಲಾಜನ್ ಎಳೆಗಳನ್ನು ಒಂದಕ್ಕೊಂದು ಬೆಸೆಯಲು ಲೈಸಿಲ್ ಆಕ್ಸಿಡೇಸ್ ಅನ್ನೋ ಕಿಣ್ವ ಬೇಕು. ಆ ಕಿಣ್ವಕ್ಕೆ ತಾಮ್ರ ಬೇಕು. ಇಲ್ಲಿಯವರೆಗೆ ಎಲ್ಲ ಸರಿ. 1988ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಚರ್ಮದ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಅವಕ್ಕೆ ಈ ಕಾಪರ್ ಪೆಪ್ಟೈಡ್ ಕೊಟ್ಟಾಗ ಕೊಲಾಜನ್ ತಯಾರಿ ಜಾಸ್ತಿ ಆದದ್ದನ್ನು ತೋರಿಸಿದರು. ಅದೂ ನಿಜ. ಆದರೆ ತಟ್ಟೆಯಲ್ಲಿರುವ ಜೀವಕೋಶದ ಮೇಲೆ ಹೊದಿಕೆ ಇಲ್ಲ. ನಮ್ಮ ಮುಖದ ಮೇಲೆ ಇದೆ. ಚರ್ಮದ ಹೊರಪದರ ಇರುವುದೇ ಹೊರಗಿನದನ್ನು ಹೊರಗೇ ತಡೆಯಲಿಕ್ಕೆ. ಜಿಎಚ್‌ಕೆ ಗಾತ್ರದಲ್ಲಿ ಚಿಕ್ಕದೇ, ಆದರೆ ಅದು ನೀರಿನ ಜೊತೆ ಹೋಗುವ ಜಾತಿ, ಹೊರಪದರ ಜಿಡ್ಡಿನದು. ಹಚ್ಚಿದ್ದರಲ್ಲಿ ಸ್ವಲ್ಪವೇ ಒಳಗೆ ಇಳಿಯುತ್ತದೆ.

ಹಾಗಾದರೆ ಮನುಷ್ಯರ ಮೇಲೆ ಏನಾಯಿತು? ಪ್ರಯೋಗಗಳು ಇವೆ, ಚಿಕ್ಕವು. ನನಗೆ ಹೆಚ್ಚು ಹಿಡಿಸಿದ್ದು 2006ರದ್ದು. ಮುಖಕ್ಕೆ ಲೇಸರ್ ಮಾಡಿಸಿಕೊಂಡ ಕೆಲವರಿಗೆ ಆಮೇಲೆ ಕಾಪರ್ ಪೆಪ್ಟೈಡ್ ಇರುವ ಕ್ರೀಮು ಕೊಟ್ಟರು, ಉಳಿದವರಿಗೆ ಇಲ್ಲ. ಯಾರು ಏನು ಹಚ್ಚಿದ್ದಾರೆ ಅಂತ ಗೊತ್ತಿಲ್ಲದ ಪರೀಕ್ಷಕರು ಸುಕ್ಕು ನೋಡಿದರು, ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಹಚ್ಚಿಕೊಂಡವರು ಮಾತ್ರ ತಮ್ಮ ಚರ್ಮ ಚೆನ್ನಾಗಾಗಿದೆ ಅಂದರು! ಕನ್ನಡಿಯ ಮುಂದೆ ನಾವೆಲ್ಲ ಹೀಗೇ ಅಲ್ವಾ?

ಇನ್ನೊಂದು ಮಾತು. ಇದರ ಬಗ್ಗೆ ಹೊಗಳಿ ಬರೆದ ಎಷ್ಟೋ ಲೇಖನಗಳ ಕೆಳಗೆ ಪಿಕರ್ಟ್ ಅವರದ್ದೇ ಹೆಸರಿದೆ. ಇದೇ ಪದಾರ್ಥ ಮಾರುವ ಕಂಪನಿಯನ್ನೂ ಅವರು ಕಟ್ಟಿದ್ದರು. ಅವರು ಹೇಳಿದ್ದು ಸುಳ್ಳು ಅಂತ ಅಲ್ಲ. ಓದುವಾಗ ಗೊತ್ತಿರಲಿ ಅಷ್ಟೇ.

ನನ್ನ ಅಭಿಪ್ರಾಯ ಕೇಳಿದರೆ, ಇದು ಮೋಸದ ಸರಕಲ್ಲ, ಪವಾಡವೂ ಅಲ್ಲ. ಕೊಲಾಜನ್ ಹಾಳು ಮಾಡುವುದರಲ್ಲಿ ಬಿಸಿಲಿನದ್ದು ದೊಡ್ಡ ಪಾಲು. ತಿಂಗಳಿಗೆ ಒಂದೇ ವಸ್ತು ಕೊಳ್ಳಲು ದುಡ್ಡಿದ್ದರೆ ಸನ್‌ಸ್ಕ್ರೀನ್ ಕೊಳ್ಳಿ. ಸುಕ್ಕಿಗೇ ಔಷಧಿ ಬೇಕಿದ್ದರೆ ಚರ್ಮದ ಡಾಕ್ಟರ ಹತ್ತಿರ ರೆಟಿನಾಯ್ಡ್, ಅಂದರೆ ವಿಟಮಿನ್ ಎ ಜಾತಿಯ ಔಷಧಿ, ಅದರ ಬಗ್ಗೆ ಕೇಳಿ. ಅದಕ್ಕೆ ಪುರಾವೆ ಜಾಸ್ತಿ. ಬಸುರಿಯರು, ಬಸಿರಾಗಲು ನೋಡುತ್ತಿರುವವರು ಮಾತ್ರ ರೆಟಿನಾಯ್ಡ್ ಮುಟ್ಟಬಾರದು.

ಆದರೂ ನೀಲಿ ಸೀರಮ್ ತಗೊಳ್ತೀರಾ? ಲೇಬಲ್ ತಿರುಗಿಸಿ ನೋಡಿ. 'ಕಾಪರ್ ಟ್ರೈಪೆಪ್ಟೈಡ್-1' ಅಂತ ಇರಬೇಕು. ಬರೀ ಪೆಪ್ಟೈಡ್ ಅಂತಿದ್ದರೆ ಅದು ಬೇರೆ ಯಾವುದೋ ಪೆಪ್ಟೈಡ್ ಇರಬಹುದು. ವಿಟಮಿನ್ ಸಿ ಸೀರಮ್ ಮೇಲೆ ಇದನ್ನು ಹಚ್ಚಬೇಡಿ, ತಾಮ್ರ ಸಿಕ್ಕಿದರೆ ವಿಟಮಿನ್ ಸಿ ಬೇಗ ಕೆಡುತ್ತದೆ. ಅದು ಬೆಳಿಗ್ಗೆ, ಇದು ರಾತ್ರಿ ಅಂತ ಇಟ್ಟುಕೊಳ್ಳಿ. ಆಮ್ಲ ಇರುವ ಸೀರಮ್‌ಗಳ ಜೊತೆಗೂ ಬೇಡ. ಹುಳಿ ಹೆಚ್ಚಾದರೆ ಪೆಪ್ಟೈಡ್ ತಾಮ್ರವನ್ನು ಬಿಟ್ಟುಬಿಡುತ್ತದೆ. ಮೊದಲ ದಿನವೇ ಮುಖಕ್ಕೆ ಬಳಿದುಕೊಳ್ಳದೆ, ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಒಂದೆರಡು ದಿನ ನೋಡಿ. ನೀಲಿ ಹೋಗಿ ಬಣ್ಣ ತಿರುಗಿದ ಬಾಟಲಿಯನ್ನು ಬಿಸಾಕಿ.

ತಾಮ್ರದ ಚೊಂಬಿನ ನೀರು ಕುಡಿದರೆ ಇದೇ ಲಾಭ ಸಿಗುತ್ತಾ ಅಂತ ಕೇಳುವವರಿದ್ದಾರೆ. ಇಲ್ಲ. ಚೊಂಬಿನ ನೀರಿನಲ್ಲಿ ಈ ಪೆಪ್ಟೈಡ್ ಇರುವುದಿಲ್ಲ. ದಿನಕ್ಕೆ ಬೇಕಾದ ಚೂರು ತಾಮ್ರ ಕಾಳು, ಎಳ್ಳು, ಕಡಲೆಕಾಯಿಯಲ್ಲಿ ಸಿಗುತ್ತದೆ. ಸುಮ್ನೆ ಮಾತ್ರೆ ನುಂಗಬೇಡಿ. ವಿಲ್ಸನ್ ಕಾಯಿಲೆ ಇರುವವರ ಯಕೃತ್ತಿನಲ್ಲಿ ತಾಮ್ರ ಶೇಖರವಾಗುತ್ತದೆ. ಅವರು ಡಾಕ್ಟರನ್ನು ಕೇಳದೆ ಈ ಸೀರಮ್ ಕೂಡ ಹಚ್ಚುವುದು ಬೇಡ.

ಇದೇ ಪೆಪ್ಟೈಡನ್ನು ಇಂಜೆಕ್ಷನ್ ಮಾಡಿಕೊಳ್ಳಿ ಅಂತ ಪುಡಿಯ ಸೀಸೆಗಳನ್ನು ಆನ್‌ಲೈನ್‌ನಲ್ಲಿ ಮಾರುವವರೂ ಇದ್ದಾರೆ. ಸೀಸೆಯ ಮೇಲೆ ಸಣ್ಣಕ್ಷರದಲ್ಲಿ 'ಸಂಶೋಧನೆಗೆ ಮಾತ್ರ' ಅಂತ ಬರೆದಿರುತ್ತದೆ. ಅಂದರೆ, ಮನುಷ್ಯರಿಗೆ ಕೊಡಲು ಅಲ್ಲ ಅಂತ ಮಾರುವವರೇ ಬರೆದುಕೊಟ್ಟಿದ್ದಾರೆ. ಅದರ ಸಹವಾಸ ಬೇಡವೇ ಬೇಡ.

ನಮಸ್ಕಾರ.