ಡ್ರಾಯಿಂಗ್ ಹಾಲ್‌ನಲ್ಲಿ ಗಾಯ ಆಗುವುದು ಗೆರೆ ಎಳೆಯುವಾಗ ಅಲ್ಲ

ನಮಸ್ಕಾರ. ಶಾಲೆಯಲ್ಲಿ ವರ್ಕ್‌ಶಾಪ್ ಅಂದರೆ ಎಲ್ಲರೂ ಹುಷಾರಾಗುತ್ತಾರೆ. ಅಲ್ಲಿ ಗರಗಸ ಇದೆ, ಡ್ರಿಲ್ ಇದೆ, ಕಣ್ಣಿಗೆ ಕನ್ನಡಕ ಹಾಕಿಸುತ್ತಾರೆ. ಪಕ್ಕದ ಡ್ರಾಯಿಂಗ್ ಹಾಲ್‌ಗೆ ಬಂದರೆ ಆ ಎಚ್ಚರವೆಲ್ಲ ಮಾಯ. ಪೆನ್ಸಿಲ್ಲು, ಪೇಪರ್ರು, ಇದರಲ್ಲೇನು ಅಪಾಯ ಅಂತ. ನನ್ನ ತಕರಾರು ಇರುವುದೇ ಇಲ್ಲಿ.

ಕೈವಾರವನ್ನೇ ತೆಗೆದುಕೊಳ್ಳಿ. ವೃತ್ತ ಎಳೆಯುವಾಗ ಅದು ಚುಚ್ಚುವುದು ಅಪರೂಪ. ಕಣ್ಣು ಮೊನೆಯ ಮೇಲೇ ಇರುತ್ತದೆ ಅಲ್ವಾ? ಚುಚ್ಚುವುದು ಆಮೇಲೆ. ರಬ್ಬರ್ ಹುಡುಕುತ್ತಾ ಶೀಟ್ ಕೆಳಗೆ ಕೈ ಹಾಕಿದಾಗ. "ಡಿವೈಡರ್ ಕೊಡೋ" ಅಂದವನಿಗೆ ಮೊನೆ ಮುಂದೆ ಮಾಡಿ ಚಾಚಿದಾಗ. ಜೇಬಿಗೆ ತುರುಕಿಕೊಂಡು ಸ್ಟೂಲ್ ಮೇಲೆ ಕೂತಾಗ. ಹೇಗೆ ಬಳಸಬೇಕು ಅಂತ ಗಂಟೆಗಟ್ಟಲೆ ಕಲಿಸುತ್ತೇವೆ. ಹೇಗೆ ಕೆಳಗಿಡಬೇಕು ಅಂತ ಒಂದು ಮಾತೂ ಹೇಳುವುದಿಲ್ಲ.

ಕಟರ್ ವಿಷಯದಲ್ಲಂತೂ ನಾವು ಪೂರ್ತಿ ಉಲ್ಟಾ. ಮಕ್ಕಳ ಕೈಗೆ ಹರಿತವಾದದ್ದು ಬೇಡ ಅಂತ ಮೊಂಡು ಬ್ಲೇಡ್ ಕೊಡುತ್ತೇವೆ. ಮೊಂಡಾದರೆ ಜಾಸ್ತಿ ಒತ್ತಬೇಕು, ಒತ್ತಿದರೆ ಜಾರುತ್ತದೆ, ಜಾರಿದರೆ ಸ್ಕೇಲ್ ಹಿಡಿದ ಬೆರಳೇ ಸಿಗುವುದು. ಅದೂ ಪ್ಲಾಸ್ಟಿಕ್ ಸ್ಕೇಲ್ ಆದರೆ ಬ್ಲೇಡ್ ಅದರ ಅಂಚನ್ನೇ ಕೊರೆದು ಮೇಲೆ ಹತ್ತುತ್ತದೆ. ಹೊಸ ಬ್ಲೇಡ್, ಸ್ಟೀಲ್ ಸ್ಕೇಲ್, ಕೆಳಗೊಂದು ಕಟಿಂಗ್ ಮ್ಯಾಟ್ ಇರಲಿ. ದಪ್ಪ ರಟ್ಟನ್ನು ಒಂದೇ ಏಟಿಗೆ ಕತ್ತರಿಸುವ ಹಟ ಬೇಡ, ನಾಲ್ಕು ಸಲ ಹಗುರವಾಗಿ ಎಳೆದರೆ ಸಾಕು. ಮುರಿದ ಬ್ಲೇಡ್ ತುಂಡು ಮುಚ್ಚಳ ಇರುವ ಡಬ್ಬಿಗೆ ಹೋಗಬೇಕು. ಕಸದ ಬುಟ್ಟಿಗೆ ಹಾಕಿದರೆ ಸಂಜೆ ಅದನ್ನು ಬರಿಗೈಯಲ್ಲಿ ಎತ್ತುವವರು ಬೇರೆ ಯಾರೋ.

ಇನ್ನು ಮೇಜಿನಿಂದ ಹೊರಗೆ ಚಾಚಿಕೊಂಡ ಟೀ-ಸ್ಕ್ವೇರ್ (ಇಂಗ್ಲಿಷಿನ T ಆಕಾರದ ಉದ್ದ ಸ್ಕೇಲು), ತಿರುಪು ಸಡಿಲವಾಗಿ ದಬಕ್ಕನೆ ಬೀಳುವ ಬೋರ್ಡು, ನಡೆಯುವ ದಾರಿಯಲ್ಲಿ ಬ್ಯಾಗುಗಳ ರಾಶಿ. ಇದೆಲ್ಲ ನಿಮಗೂ ಗೊತ್ತಿರುವುದೇ.

ತಮಾಷೆ ಅಂದರೆ, ನಾವು ಬೈಯುವುದು ಮಾತ್ರ ಪೆನ್ಸಿಲ್ ಬಾಯಿಗಿಟ್ಟ ಹುಡುಗನಿಗೆ. ಸೀಸ ಹೊಟ್ಟೆಗೆ ಹೋಗುತ್ತದೆ ಅಂತೆ! ಪೆನ್ಸಿಲ್ ಕಡ್ಡಿಯಲ್ಲಿ ಇರುವುದು ಗ್ರಾಫೈಟು ಮತ್ತು ಜೇಡಿಮಣ್ಣು. ಸೀಸ ಇಲ್ಲವೇ ಇಲ್ಲ.

ನಿಜವಾಗಿ ಬೈಯಬೇಕಾದದ್ದು ಬೆಳಕನ್ನು. ಡ್ರಾಯಿಂಗ್ ಕೆಲಸಕ್ಕೆ ಯುರೋಪಿನ ಮಾನದಂಡ ಕೇಳುವುದು 750 ಲಕ್ಸ್ (ಮೇಜಿನ ಮೇಲೆ ಬೀಳುವ ಬೆಳಕಿನ ಅಳತೆ). ಓದು ಬರಹಕ್ಕೆ ಅದೇ ಮಾನದಂಡದಲ್ಲಿ 500 ಸಾಕು. ಆದರೆ ಎಷ್ಟೋ ಕಡೆ ಎರಡಕ್ಕೂ ಒಂದೇ ಟ್ಯೂಬ್‌ಲೈಟು. ಬಲಗೈಯವರಿಗೆ ಬಲಗಡೆಯಿಂದ ಬೆಳಕು ಬಿದ್ದರೆ ಕೈಯ ನೆರಳು ಗೆರೆಯ ಮೇಲೇ. ಆಗ ಮಗು ಬಗ್ಗುತ್ತದೆ, ಮೂಗು ಶೀಟಿಗೆ ತಾಗುವಷ್ಟು. ಎರಡು ಪೀರಿಯಡ್ ಹಾಗೆ ಕೂತರೆ ಕತ್ತು ಏನಾಗಬೇಡ?

ನನ್ನ ಬೇಡಿಕೆ ಚಿಕ್ಕದು. ಗಂಟೆ ಹೊಡೆಯುವ ಐದು ನಿಮಿಷ ಮೊದಲೇ ಪೆನ್ಸಿಲ್ ಕೆಳಗಿಡಿಸಿ. ಮೊನೆಗಳೆಲ್ಲ ಬಾಕ್ಸ್ ಸೇರಲಿ, ಕಟರ್ ಎಣಿಸಿ ವಾಪಸ್ ತೆಗೆದುಕೊಳ್ಳಿ. ಪೋರ್ಶನ್ ಮುಗಿಯಲ್ಲ ಅಂತ ಗೊಣಗುವ ಮೇಷ್ಟ್ರುಗಳಿದ್ದಾರೆ, ಗೊತ್ತು. ಒಂದು ಪ್ರೊಜೆಕ್ಷನ್ ಚಿತ್ರ ಕಡಿಮೆ ಬಿಡಿಸಲಿ ಬಿಡಿ ಸಾರ್.