ಪೋಖರಾದಲ್ಲಿ ನೆಲೆಸುವ ಯೋಚನೆಯಿದ್ದರೆ ಏಪ್ರಿಲ್‌ನಲ್ಲಿ ಬಂದು ಮನೆ ನೋಡಿ

ನಮಸ್ಕಾರ. ತೆರೆಯ ಮೇಲೆ ಈಗ ನಿಮಗೆ ಕಾಣುತ್ತಿರುವ ಹೊಗೆ ತುಂಬಿದ ಬೂದು ಆಕಾಶದ ಹಿಂದೆ ಮಚ್ಛಪುಚ್ಛ್ರೆ ಇದೆ. 6,993 ಮೀಟರ್ ಎತ್ತರದ ಶಿಖರವದು. ನಾನಿರುವ ನೇಪಾಳದ ಪೋಖರಾದಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿದೆ. ಆದರೂ ಮಧ್ಯಾಹ್ನದ ಈ ಹೊತ್ತಿನಲ್ಲಿ ಅದರ ಅಂಚು ಕೂಡ ಕಾಣುತ್ತಿಲ್ಲ. ಪೋಖರಾದ ವಿಡಿಯೊಗಳಲ್ಲಿ ಹೆಚ್ಚಿನವು ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ತೆಗೆದವು, ಆಗ ಮಳೆ ತೊಳೆದ ಆಕಾಶದಲ್ಲಿ ಅನ್ನಪೂರ್ಣ ಸಾಲು ಪೂರ್ತಿಯಾಗಿ ನಿಂತಿರುತ್ತದೆ. ನಾಲ್ಕು ದಿನದ ಪ್ರವಾಸಕ್ಕೆ ಬರುವವರಿಗೆ ಆ ತಿಂಗಳುಗಳೇ ಸರಿ. ವರ್ಷಗಟ್ಟಲೆ ಇರಲು ಊರು ಹುಡುಕುವವರು ಮಾತ್ರ ಆ ಊರಿನ ಕೆಟ್ಟ ತಿಂಗಳನ್ನೇ ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ, ಅದಕ್ಕಾಗಿಯೇ ಈ ಏಪ್ರಿಲ್‌ನಲ್ಲಿ ಕ್ಯಾಮೆರಾ ಹಿಡಿದು ಬಂದಿದ್ದೇನೆ.

ಬೇರೆ ಊರುಗಳನ್ನು ಯೋಚಿಸಲಿಲ್ಲವೇ ಎಂದು ನೀವು ಕೇಳುವಿರಿ. ಯೋಚಿಸಿದೆ. ಕಜಕಸ್ತಾನದ ಅಲ್ಮಾಟಿ ನನಗೆ ಬಹಳ ಇಷ್ಟ. ಊರಿನ ಬಸ್ಸಿನಲ್ಲೇ ಕೂತು ಬೆಟ್ಟದ ನಡುವಿನ ಮೆಡೆಯು ಎಂಬ ಸ್ಕೇಟಿಂಗ್ ಮೈದಾನದವರೆಗೆ ಹೋಗಬಹುದು. ಆದರೆ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಲ್ಲಿ ವೀಸಾ ಇಲ್ಲದೆ ಒಮ್ಮೆಗೆ 14 ದಿನ ಮಾತ್ರ ಅವಕಾಶ. ಬಲ್ಗೇರಿಯಾದ ಬಾನ್ಸ್ಕೋದಲ್ಲಿ ಮನೆಯಿಂದ ಕೆಲಸ ಮಾಡುವವರ ದೊಡ್ಡ ಗುಂಪೇ ಇದೆ. ಆ ದೇಶ 2025ರ ಜನವರಿಯಲ್ಲಿ ಷೆಂಗೆನ್‌ಗೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿಗೆ, ಪೂರ್ಣವಾಗಿ ಸೇರಿದೆ, ಪ್ರವಾಸಿ ವೀಸಾದಲ್ಲಿ 180 ದಿನಗಳಿಗೆ 90 ದಿನ ಎಂಬ ಆ ಗುಂಪಿನ ಒಟ್ಟು ಲೆಕ್ಕವೇ ಅಲ್ಲಿಯೂ ಇದೆ. ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೆ 2024ರಲ್ಲಿ ಹೊಸ ಐದು ವರ್ಷದ ವೀಸಾ ಬಂದಿದೆ, ಒಂದು ಬಾರಿಗೆ 180 ದಿನ ಇರಬಹುದು, ಆದರೆ ಖಾತೆಯಲ್ಲಿ 5 ಲಕ್ಷ ಬಾತ್ ತೋರಿಸಬೇಕು, ಮತ್ತು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಅಲ್ಲಿ ಹೊಗೆಯ ಕಾಟ ಇಲ್ಲಿಗಿಂತ ಕಡಿಮೆಯೇನೂ ಇಲ್ಲ.

ನೇಪಾಳದಲ್ಲಿ ನಮಗೆ ವೀಸಾ ಬೇಡ. 1950ರ ಭಾರತ-ನೇಪಾಳ ಒಪ್ಪಂದದ ಪ್ರಕಾರ ಇಲ್ಲಿ ವಾಸಕ್ಕೆ ನಮಗೆ ಅವಕಾಶವಿದೆ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಕೈಯಲ್ಲಿದ್ದರೆ ಸಾಕು, ಆಧಾರ್ ಮಾತ್ರ ನಂಬಿ ಬರಬೇಡಿ. ಬೆಂಗಳೂರಿನ ಕಚೇರಿಗೂ ನಮಗೂ ಗಡಿಯಾರದಲ್ಲಿ 15 ನಿಮಿಷದ ವ್ಯತ್ಯಾಸ. ಬೆಳಗಿನ ಮೀಟಿಂಗ್‌ಗೆ ಅವರು ಹತ್ತಕ್ಕೆ ಕೂತರೆ ನಾನು ಹತ್ತೂಕಾಲಿಗೆ ಕೂರುತ್ತೇನೆ, ಅಷ್ಟೇ. ಯಶವಂತಪುರದಿಂದ ಗೋರಖಪುರಕ್ಕೆ ರೈಲಿದೆ, ಅಲ್ಲಿಂದ ಸುನೌಲಿ ಗಡಿ ದಾಟಿ ಬಸ್ಸಿನಲ್ಲಿ ಬರಬಹುದು. ಅಪ್ಪ ಅಮ್ಮ ಬರುವುದಾದರೆ ವಿಮಾನದ ದರ ನೋಡಿ ಬೆಚ್ಚಬೇಕಾಗಿಲ್ಲ ಎಂಬ ಸಮಾಧಾನ ನನಗೆ ಸಣ್ಣದಲ್ಲ.

ಈಗ ನೀವು ನೋಡುತ್ತಿರುವುದು ಫೇವಾ ಕೆರೆಯ ದಂಡೆ, ಎಲ್ಲರೂ ಲೇಕ್‌ಸೈಡ್ ಎನ್ನುವ ಜಾಗ. ಇಲ್ಲಿ ನಾನು ನೋಡಿದ ಮನೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು. ಮೂರನೆಯ ಮಹಡಿಯಲ್ಲಿ ಅಕ್ಕಪಕ್ಕದಲ್ಲೇ ಒಂದೇ ಅಳತೆಯ ಎರಡು ಮನೆಗಳು, ಅಡುಗೆಮನೆಯ ಕಟ್ಟೆಯಿಂದ ಹಿಡಿದು ಬಚ್ಚಲಿನ ನಲ್ಲಿಯವರೆಗೆ ಎಲ್ಲವೂ ಒಂದೇ. ಹಿಂಬದಿಯದಕ್ಕೆ ತಿಂಗಳಿಗೆ 32,000 ನೇಪಾಳಿ ರೂಪಾಯಿ, ಉತ್ತರಕ್ಕೆ ಕಿಟಕಿ ಇರುವುದಕ್ಕೆ 40,000. ನಮ್ಮ ಒಂದು ರೂಪಾಯಿಗೆ ಇಲ್ಲಿನ 1.60 ಎಂಬ ದರ 1993ರಿಂದ ಬದಲಾಗಿಲ್ಲವಾದ್ದರಿಂದ ಲೆಕ್ಕ ಸುಲಭ: 20,000 ಮತ್ತು 25,000. ಅಂದರೆ ಪರ್ವತ ಕಾಣುವ ಕಿಟಕಿಗೆ ತಿಂಗಳಿಗೆ 5,000, ವರ್ಷಕ್ಕೆ 60,000 ಭಾರತೀಯ ರೂಪಾಯಿ. ನಾನು ಆ ಕಿಟಕಿ ತೆರೆದಾಗ ಕಂಡದ್ದು ಪಕ್ಕದ ಕಟ್ಟಡದ ತಾರಸಿ, ಅದರ ಕಂಬಗಳಿಂದ ಮೇಲಕ್ಕೆ ಚಾಚಿದ ತುಕ್ಕು ಹಿಡಿದ ಕಬ್ಬಿಣದ ಸರಳುಗಳು, ಆಮೇಲೆ ಬರಿಯ ಹೊಗೆ. ಇಲ್ಲಿ ತಾರಸಿಯ ಮೇಲೆ ಸರಳು ಬಿಟ್ಟಿದ್ದಾರೆಂದರೆ ಇನ್ನೊಂದು ಮಹಡಿ ಬರಲಿದೆ ಎಂದೇ ತಿಳಿಯಬೇಕು. "ದಾಯಿ (ಅಣ್ಣಾ), ಅವರು ಮೇಲೆ ಕಟ್ಟಿದರೆ ಬಾಡಿಗೆ ಇಳಿಸುತ್ತೀರಾ?" ಎಂದು ಮನೆಯ ಮಾಲೀಕರನ್ನು ಕೇಳಿದೆ. "ಅದು ಆಗ ನೋಡೋಣ ಭಾಯಿ" ಎಂದರು. ಹಾಗಾದರೆ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ, ಮೊದಲು ಹೊಗೆಯಲ್ಲಿ ಆಮೇಲೆ ಮೋಡದಲ್ಲಿ ಪರ್ವತ ಮರೆಯಾಗಿರುವ ತಿಂಗಳುಗಳಿಗಾದರೂ ಹಿಂಬದಿ ಮನೆಯ ಬಾಡಿಗೆ ಹಾಕಿ ಎಂದೆ. ಅದಕ್ಕೂ ಒಪ್ಪಲಿಲ್ಲ. ಕಾಣದ ತಿಂಗಳುಗಳಿಗೂ ನೋಟದ ದುಡ್ಡು ವಸೂಲು ಮಾಡುವುದು ಅನ್ಯಾಯ, ಮತ್ತು ಹೊರಗಿನಿಂದ ಬಂದವರು ಅಕ್ಟೋಬರ್‌ನ ಒಂದು ಬೆಳಗ್ಗೆ ನೋಡಿ ವರ್ಷದ ಕರಾರಿಗೆ ಸಹಿ ಹಾಕುವುದರಿಂದಲೇ ಇಂಥ ದರ ನಿಂತಿದೆ. ಚಳಿಗಾಲದಲ್ಲಿ ಆಕಾಶ ತಿಳಿಯಾಗಿರುವ ಯಾವ ಬೆಳಗ್ಗೆಯಾದರೂ ಊರಿನ ಪಕ್ಕದ, ಸುಮಾರು 1,600 ಮೀಟರ್ ಎತ್ತರದ ಸಾರಂಗಕೋಟ್ ಗುಡ್ಡ ಹತ್ತಿದರೆ ಅದೇ ನೋಟ ಇಡಿಯಾಗಿ, ಸರಳುಗಳ ಅಡ್ಡಿಯಿಲ್ಲದೆ ಸಿಗುತ್ತದೆ.

ಈ ಹೊಗೆ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯಬೇಕು. ಚಳಿಗಾಲ ಮತ್ತು ವಸಂತದಲ್ಲಿ ಮಳೆ ಕಡಿಮೆ. ಒಣಗಿದ ಕಾಡಿಗೆ ಬೆಂಕಿ ಬೀಳುತ್ತದೆ, ಹೊಲಗಳಲ್ಲಿ ಕೂಳೆ ಸುಡುತ್ತಾರೆ, ಗಂಗೆಯ ಬಯಲಿನ ಧೂಳು ಉತ್ತರಕ್ಕೆ ತೇಲಿಬಂದು ಪರ್ವತದ ಗೋಡೆಗೆ ತಡೆದು ಕಣಿವೆಯಲ್ಲೇ ಉಳಿಯುತ್ತದೆ. 2021ರ ಮಾರ್ಚ್ ಕೊನೆಯಲ್ಲಿ ಗಾಳಿ ಎಷ್ಟು ಕೆಟ್ಟಿತ್ತೆಂದರೆ ನೇಪಾಳ ಸರ್ಕಾರ ದೇಶದಾದ್ಯಂತ ಶಾಲೆಗಳನ್ನು ನಾಲ್ಕು ದಿನ ಮುಚ್ಚಿಸಿತು. ಉಬ್ಬಸ ಇರುವವರು ಈ ಊರನ್ನು ಆರಿಸಬಾರದು. ಆರಿಸಿದರೂ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಬೇರೆಲ್ಲಾದರೂ ಇರುವ ಏರ್ಪಾಡು ಮಾಡಿಕೊಳ್ಳಬೇಕು.

ಈ ದೃಶ್ಯದಲ್ಲಿರುವುದು ಕೆರೆಯ ಆಚೆ ತುದಿಯ ಪಾಮೆ. ಗದ್ದೆ, ಎಮ್ಮೆ, ಅಂಗಡಿ ಒಂದೆರಡು. ಬಂದ ದಿನ ನಾನು ಲೇಕ್‌ಸೈಡ್ ಬಿಟ್ಟರೆ ಬೇರೆ ಜಾಗವೇ ಬೇಡ ಎನ್ನುತ್ತಿದ್ದೆ, ಪಾಮೆ ನೋಡಿದ ಮೇಲೆ ಇಲ್ಲೇ ಇರಬೇಕು ಅನ್ನಿಸಿತು, ಈಗ ಅದೂ ಬೇಡ ಎನ್ನುತ್ತಿದ್ದೇನೆ. ಕಾರಣವನ್ನು ಭೂಪಟದಲ್ಲೇ ನೋಡಬಹುದು. ಪಾಮೆ ಸಾರಂಗಕೋಟ್ ಗುಡ್ಡದ ಬುಡದಲ್ಲಿದೆ, ಆ ಗುಡ್ಡವೇ ಹಿಂದಿನ ಹಿಮಶಿಖರಗಳನ್ನು ಮರೆಮಾಡುತ್ತದೆ. ಪರ್ವತದ ಕಡೆಗೆ ಹೋದಷ್ಟೂ ಪರ್ವತ ಚೆನ್ನಾಗಿ ಕಾಣುತ್ತದೆ ಎಂದುಕೊಂಡು ಮನೆ ಹುಡುಕುವವರಿಗೆ ಇದು ಗೊತ್ತಿರಬೇಕು: ಸ್ವಲ್ಪ ಹಿಂದಕ್ಕೆ, ಬಜಾರಿನ ಕಡೆ ಸರಿದರೆ ಮಚ್ಛಪುಚ್ಛ್ರೆ ತಲೆ ಎತ್ತುತ್ತದೆ.

ಇನ್ನು ಮಳೆ. ಪೋಖರಾದಲ್ಲಿ ವರ್ಷಕ್ಕೆ ಸುಮಾರು 3,900 ಮಿಲಿಮೀಟರ್, ಬೆಂಗಳೂರಿನ ನಾಲ್ಕು ಪಟ್ಟು. ಬಂಗಾಳ ಕೊಲ್ಲಿಯ ಮೋಡಗಳು ದಾರಿಯಲ್ಲಿ ದೊಡ್ಡ ತಡೆಯಿಲ್ಲದೆ ಬಂದು, ಸುಮಾರು 800 ಮೀಟರ್ ಎತ್ತರದ ಈ ಕಣಿವೆಯಿಂದ ಐವತ್ತು ಕಿಲೋಮೀಟರ್‌ನೊಳಗೆ 8,091 ಮೀಟರ್‌ಗೆ ಏರುವ ಅನ್ನಪೂರ್ಣಕ್ಕೆ ಬಡಿಯುತ್ತವೆ. ಅದೇ ಪರ್ವತದ ಹಿಂಬದಿಯ ಜೋಮ್ಸೋಮ್‌ನಲ್ಲಿ ಮಳೆಯೇ ಅಪರೂಪ. ಮಲೆನಾಡಿನವರಿಗೆ ಜುಲೈ ತಿಂಗಳ ಬೂಷ್ಟಿನ ಬಗ್ಗೆ ನಾನು ಹೇಳಬೇಕಾಗಿಲ್ಲ. ಬಟ್ಟೆ ಒಣಗುವುದಿಲ್ಲ, ಬೀರುವಿನಲ್ಲಿಟ್ಟ ಚರ್ಮದ ಚೀಲದ ಮೇಲೆ ಬಿಳಿ ಪೊರೆ ಬರುತ್ತದೆ. ಹಾಗಾಗಿ ಇಲ್ಲಿ ಮನೆ ನೋಡುವಾಗ ನೋಟಕ್ಕಿಂತ ಮೊದಲು ನೆಲದಿಂದ ಒಂದಡಿ ಮೇಲಿನ ಗೋಡೆ ನೋಡಿ. ಹೊಸದಾಗಿ ಸುಣ್ಣ ಬಳಿದಿದ್ದರೂ ಕೆಳಗೆ ಬಣ್ಣ ಉಬ್ಬಿ, ಬೆರಳಿಟ್ಟರೆ ಪುಡಿ ಉದುರಿದರೆ ಆ ಮನೆ ಬೇಡ.

ಇದು ಮಹೇಂದ್ರಪುಲ್ ಬಜಾರ್. ತರಕಾರಿ, ಬೇಳೆ, ಅಕ್ಕಿ ಎಲ್ಲ ಇಲ್ಲೇ; ಹಲವು ಅಂಗಡಿಗಳ ಕ್ಯೂಆರ್‌ಗೆ 2024ರಿಂದ ನಮ್ಮ ಯುಪಿಐಯಲ್ಲೇ ಹಣ ಕೊಡಬಹುದು. ಶನಿವಾರ ಇಲ್ಲಿ ವಾರದ ರಜೆ, ಬ್ಯಾಂಕಿನ ಕೆಲಸವಿದ್ದರೆ ನೆನಪಿಡಿ.

ಈ ಬಜಾರಿನ ಹಿಂದಿನ ಬೀದಿಯಲ್ಲಿ ಪೂರ್ವಕ್ಕೆ ಬಾಗಿಲಿರುವ, ಗೋಡೆ ಒಣಗಿರುವ, ತಾರಸಿಗೆ ಹೋಗಲು ಬಿಡುವ ಒಂದು ಮನೆ ಸಿಕ್ಕಿದೆ. ಬಾಡಿಗೆ ಲೇಕ್‌ಸೈಡಿನ ಹಿಂಬದಿ ಮನೆಗಿಂತಲೂ ಕಡಿಮೆ, ವರ್ಷದ ಕರಾರು ಬೇಡ, ತಿಂಗಳು ತಿಂಗಳಿಗೆ ಕೊಟ್ಟರೆ ಸಾಕು ಎಂದಿದ್ದಾರೆ. ಕೆರೆಗೆ ನಡೆದು ಹೋಗುವಷ್ಟು ಹತ್ತಿರವಿಲ್ಲ ಎಂಬುದೊಂದೇ ಕೊರತೆ. ಜುಲೈಯಲ್ಲಿ ಗೋಡೆ ಹೇಗಿರುತ್ತದೆ ಎಂದು ನೋಡಿಕೊಂಡು ಮುಂದಿನ ತಿಂಗಳುಗಳಿಗೆ ಮಾತಾಡುತ್ತೇನೆ, ಸದ್ಯಕ್ಕೆ ಮುಂಗಡ ಕೊಟ್ಟಾಗಿದೆ.