ಖಾಲಿಯಾದ ಶಾಲೆಯಲ್ಲ, ಖಾಲಿ ಮಾಡಿಸಿದ ಶಾಲೆ

ಮಕ್ಕಳೇ ಇಲ್ಲ, ಅದಕ್ಕೇ ಶಾಲೆ ಮುಚ್ಚುತ್ತೇವೆ ಅಂದರೆ ಯಾರೂ ಎದುರು ಮಾತಾಡುವುದಿಲ್ಲ. ಹೌದಲ್ವಾ, ಮತ್ತೇನು ಮಾಡ್ತಾರೆ ಅನ್ನಿಸುತ್ತದೆ. ನಾನು ಕೇಳುವುದು ಇಷ್ಟೇ: ಆ ಮಕ್ಕಳು ಹೋದದ್ದಾದರೂ ಎಲ್ಲಿಗೆ?

ಅಮೆರಿಕದ ಶಿಕಾಗೋದಲ್ಲಿ ಆಂಥನಿ ಓವರ್ಟನ್ ಎಲಿಮೆಂಟರಿ ಅಂತ ಒಂದು ಸರ್ಕಾರಿ ಶಾಲೆ ಇತ್ತು. ಬ್ರಾನ್ಜ್‌ವಿಲ್ ಅನ್ನುವ ಕಪ್ಪು ಜನರ ಬಡಾವಣೆಯಲ್ಲಿ. ಕಟ್ಟಿದ್ದು 1963ರಲ್ಲಿ. ಆಗಿನ ಗೋಳೇ ಬೇರೆ. ಕಪ್ಪು ಮಕ್ಕಳ ಶಾಲೆಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿಳಿಯರ ಶಾಲೆಗಳಲ್ಲಿ ಜಾಗ ಇತ್ತು, ಆದರೆ ಅಲ್ಲಿಗೆ ಕಳಿಸಲು ಅಧಿಕಾರಿಗಳಿಗೆ ಮನಸ್ಸಿಲ್ಲ. ಬದಲಿಗೆ ಆಟದ ಬಯಲಲ್ಲೇ ಅಲ್ಯುಮಿನಿಯಂ ಟ್ರೇಲರ್ ನಿಲ್ಲಿಸಿ ಪಾಠ ಮಾಡಿದರು. ಶಾಲೆಗಳ ಮುಖ್ಯಸ್ಥ ಬೆಂಜಮಿನ್ ವಿಲ್ಲಿಸ್ ಹೆಸರಲ್ಲಿ ಜನ ಅದಕ್ಕೆ ‘ವಿಲ್ಲಿಸ್ ವ್ಯಾಗನ್’ ಅಂತ ಹೆಸರಿಟ್ಟು ಲೇವಡಿ ಮಾಡಿದರು. ಇದನ್ನು ಪ್ರತಿಭಟಿಸಿ ಅದೇ ವರ್ಷ ಅಕ್ಟೋಬರ್ 22ರಂದು ಎರಡು ಲಕ್ಷಕ್ಕೂ ಜಾಸ್ತಿ ಮಕ್ಕಳು ಶಾಲೆಗೇ ಹೋಗಲಿಲ್ಲ.

ಓವರ್ಟನ್ ಕಟ್ಟಡ ಮಾತ್ರ ಚೆಂದ. ಪರ್ಕಿನ್ಸ್ ಅಂಡ್ ವಿಲ್ ಅನ್ನುವ ವಾಸ್ತುಶಿಲ್ಪ ಸಂಸ್ಥೆಯ ವಿನ್ಯಾಸ. ತರಗತಿಗಳನ್ನು ಮೂಲೆಗಳಲ್ಲಿ ಕೂರಿಸಿದ್ದಾರೆ, ಎರಡು ಕಡೆಯಿಂದ ಬೆಳಕು. ಬ್ಲಾಕ್‌ಗಳ ನಡುವೆ ಗಾಜಿನ ಹಾದಿ. ಬಡವರ ಮಕ್ಕಳಿಗೂ ಇಷ್ಟು ಮನಸ್ಸಿಟ್ಟು ಕಟ್ಟಿದ್ದರು ನೋಡಿ.

ಕೂಗಳತೆ ದೂರದಲ್ಲಿ ರಾಬರ್ಟ್ ಟೇಲರ್ ಹೋಮ್ಸ್. ಹದಿನಾರು ಅಂತಸ್ತಿನ 28 ಸರ್ಕಾರಿ ವಸತಿ ಕಟ್ಟಡಗಳು, ತುಂಬ ಮಕ್ಕಳು. ಆಮೇಲೆ ಆ ಕಟ್ಟಡಗಳನ್ನೇ ಒಂದೊಂದಾಗಿ ಕೆಡವಿದರು. 2007ರ ಹೊತ್ತಿಗೆ ಒಂದೂ ಉಳಿಯಲಿಲ್ಲ. ಮನೆ ಕೆಡವಿದ ಮೇಲೆ ಶಾಲೆಗೆ ಮಕ್ಕಳು ಬರುವುದೆಲ್ಲಿಂದ?

2013ರ ಮೇ ತಿಂಗಳಲ್ಲಿ ಒಂದೇ ಏಟಿಗೆ ಸುಮಾರು 50 ಶಾಲೆ ಮುಚ್ಚಲು ಶಿಕಾಗೋ ಶಿಕ್ಷಣ ಮಂಡಳಿ ಮತ ಹಾಕಿತು. ಪಟ್ಟಿಯಲ್ಲಿ ಓವರ್ಟನ್ ಕೂಡ ಇತ್ತು. ಲೆಕ್ಕ ಹಾಕಿದ್ದು ಹೇಗೆ ಗೊತ್ತಾ? ತರಗತಿಗೆ 30 ಮಕ್ಕಳಿದ್ದರೆ ಸರಿಯಾಗಿ ಬಳಕೆಯಾಗಿದೆ ಅಂತ. ವಿಶೇಷ ಅಗತ್ಯವಿರುವ ಮಕ್ಕಳನ್ನು ಬೇಕಂತಲೇ ಸಣ್ಣ ಗುಂಪಿನಲ್ಲಿ ಕೂರಿಸುತ್ತಾರೆ. ಈ ಲೆಕ್ಕದಲ್ಲಿ ಆ ಕೋಣೆಯೂ ಅರ್ಧ ಖಾಲಿ! ಲೆಕ್ಕದ ಪುಸ್ತಕಕ್ಕೆ ಮಗುವಿನ ಮುಖ ಕಾಣುವುದಿಲ್ಲ, ಬಿಡಿ.

ಸುಮಾರು 12 ಸಾವಿರ ಮಕ್ಕಳು ಬೇರೆ ಶಾಲೆ ಸೇರಬೇಕಾಯಿತು. ಬಹುಪಾಲು ಕಪ್ಪು ಮಕ್ಕಳು. ಓವರ್ಟನ್ ಮಕ್ಕಳನ್ನು ಮಾಲಿಸನ್ ಶಾಲೆಗೆ ಕಳಿಸಿದರು. ಕಟ್ಟಡ ಖಾಸಗಿಯವರಿಗೆ ಮಾರಾಟವಾಯಿತು. 2016ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿಗೂ ಸೇರಿತು. ಗೋಡೆಗೆ ಸಿಕ್ಕ ಮರ್ಯಾದೆ ಒಳಗೆ ಕೂತವರಿಗೆ ಸಿಗಲಿಲ್ಲ.

ಇದೆಲ್ಲ ಮಕ್ಕಳ ಒಳ್ಳೇದಕ್ಕೇ ಅಂತ ಆಗಿನ ಮೇಯರ್ ರಾಮ್ ಎಮ್ಯಾನ್ಯುಯೆಲ್ ಸಮರ್ಥಿಸಿಕೊಂಡರು. 2018ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರ ಅಧ್ಯಯನ ಬಂತು. ಮುಚ್ಚುವ ಸುದ್ದಿ ಬಿದ್ದ ವರ್ಷವೇ, ಅಂದರೆ ಹೊಸ ಶಾಲೆಗೆ ಕಾಲಿಡುವ ಮೊದಲೇ, ಮಕ್ಕಳ ಅಂಕ ಇಳಿದಿತ್ತು. ಗಣಿತದಲ್ಲಂತೂ ಆ ಪೆಟ್ಟು ನಾಲ್ಕು ವರ್ಷ ಹಾಗೇ ಉಳಿಯಿತು.